ಅಂಗಳದ ಹವಳ

ಗಂಡಿನ ಮನೆ ನೋಡಲು ಹೋದರೆ ನಾನು ಮೊದಲು ನೋಡುವುದು ಅಂಗಳದ ಹವಳವನ್ನು. ಪ್ರತಿ ಮನೆಯ ಕೊಳಚೆಯೂ ಕಡಲು ಸೇರುವ ಮೊದಲು ಆ ಮನೆಯ ಹವಳದ ತೊಟ್ಟಿಯನ್ನು ಹಾದೇ ಹೋಗಬೇಕು; ಕೊಳಚೆ ಹೆಚ್ಚಿದಷ್ಟೂ ಹವಳ ಬಿಳಿಚುತ್ತದೆ. ಜನ ಸುಳ್ಳು ಹೇಳಿದರೂ ಹವಳ ಹೇಳುವುದಿಲ್ಲವೆಂದು ನಮ್ಮವರ ನಂಬಿಕೆ. ನನಗೆ ಹವಳದ ಮೇಲೂ ನಂಬಿಕೆಯಿಲ್ಲ.

ಹುಡುಗನ ತಾಯಿ ಗುಲಾಬಕ್ಕನ ಹವಳ ಕೇಸರಿ ಬಣ್ಣಕ್ಕೆ ಹೊಳೆಯುತ್ತಿತ್ತು. ಇಷ್ಟು ದೊಡ್ಡ ಸಂಸಾರಕ್ಕೆ ಇಷ್ಟು ಹೊಳಪೇ?

"ಪಕ್ಕದ ಮಾದೇವಿ ಮನೇದ್ ಕಾಣಿ, ಸುಣ್ಣದ ಹಾಂಗೆ ಬಿಳಿ ಆಯ್ತ್. ಊರೋರ್ ಯಾರೂ ಅವ್ರ್ ಮನೇಲ್ ನೀರ್ ಸಹ ಕುಡೂದಿಲ್ಲ" ಎನ್ನುತ್ತ ಗುಲಾಬಕ್ಕ ಕಾಫಿ ಕೊಟ್ಟರು.

ನಾನು ಜೊತೆಗೆ ಬಂದಿದ್ದ ತಮ್ಮನಿಗೆ ಕಣ್ಸನ್ನೆ ಮಾಡಿದೆ. ನನ್ನ ಮಗಳಿಗೆ ಸಂಬಂಧ ನೋಡಲು ಹೋದಲ್ಲೆಲ್ಲ ಅವನಿಗೆ ಹೊಟ್ಟೆ ಕೆಡುತ್ತದೆ. ಅವನು ಪಾಯಿಖಾನೆಗೆ ಹೋದ, ನಾನು ತೊಟ್ಟಿಯ ಪಕ್ಕ ನಿಂತೆ. ಕೊಳಚೆ ತಾಗಿದರೆ ಹವಳ ಮುದುಡಬೇಕು.

ಒಳಗೆ ಫ್ಲಶ್ ಮಾಡಿದ ಸದ್ದಾಯಿತು. ಗುಲಾಬಕ್ಕನ ಹವಳ ಅರಳಿಕೊಂಡೇ ಇತ್ತು. ಬೇಲಿಯಾಚೆ ಮಾದೇವಿಯ ತೊಟ್ಟಿಯಲ್ಲಿ, ಇನ್ನೂ ಜೀವ ಹಿಡಿದಿದ್ದ ನಾಲ್ಕೇ ಕುಡಿಗಳು ಒಮ್ಮೆಲೇ ಮುದುಡಿಕೊಂಡವು.

ಕಾಫಿ ಲೋಟವನ್ನು ಹಾಗೆಯೇ ಕಟ್ಟೆಯ ಮೇಲಿಟ್ಟು, ಬೇಲಿ ಸುತ್ತಿ ಹೋಗಿ ಮಾದೇವಿಯ ಬಾಗಿಲು ತಟ್ಟಿದೆ.

"ಮಾದೇವಕ್ಕಾ, ಕುಡೂಕೆ ಒಂಚೂರ್ ನೀರ್ ಕೊಡಿ."