ಎಲ್ಲರಿಗೂ ನೆನಪಿರುವ ಹಾಡು

ಒಂದು ಕಾಲದಲ್ಲಿ ಅವರ ಬ್ಯಾಂಡಿನ ಒಂದೇ ಒಂದು ಹಾಡು ಊರೂರಿಗೂ ಹುಚ್ಚು ಹಿಡಿಸಿತ್ತು. ಇದೇ ಊರಿನ ಮೈದಾನದಲ್ಲಿ ಜನ ಕಾಂಪೌಂಡ್ ಹತ್ತಿ ಕೂತು ಕೇಳಿದ್ದರು. ಆಮೇಲೆ ಮಾಡಿದ ಹಾಡುಗಳನ್ನು ಯಾರೂ ಕೇಳಲಿಲ್ಲ. ಡ್ರಮ್ಸ್‌ನವನು ಬಿಟ್ಟುಹೋದ, ಕೀಬೋರ್ಡಿನವನೂ ಹೋದ. ಉಳಿದವರು ಗಾಯಕ ಸುದರ್ಶನ ಮತ್ತು ಗಿಟಾರಿನ ಮೆಲ್ವಿನ್ ಇಬ್ಬರೇ. ನಿನ್ನೆ ಸಂಜೆ ಇಲ್ಲಿನ ಸಭಾಭವನದಲ್ಲಿ ಅವರ ಹಾಡು ಕೇಳಲು ಇದ್ದದ್ದು ಕಾವಲುಗಾರ ಮಾತ್ರ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾ ಮೆಲ್ವಿನ್ ಹೇಳಿದ, "ಸಾಕು ಕಣೋ. ಊರಿಗೆ ಹೋಗಿ ಗಿಟಾರ್ ಮಾರ್ಬಿಡ್ತೀನಿ."

"ಜನ ಮರ್ತಿಲ್ಲ ಕಣೋ. ನಾವು ಬಂದಿರೋದು ಅವ್ರಿಗೆ ಗೊತ್ತಾಗ್ಲಿಲ್ಲ, ಅಷ್ಟೆ."

"ಯಾರಿಗೂ ನೆನಪಿಲ್ಲ. ಒಪ್ಕೊಂಬಿಡು."

ಸುದರ್ಶನ ಬೀದಿಯ ನಡುವೆಯೇ ನಿಂತುಬಿಟ್ಟ. "ಒಂದೇ ಒಂದ್ಸಲ ಇಲ್ಲೇ ನುಡ್ಸು. ಒಂದು ಬಾಗ್ಲೂ ತೆಗೀಲಿಲ್ಲ ಅಂದ್ರೆ ನಾನೂ ಬಿಟ್ಬಿಡ್ತೀನಿ. ಕೈ ಮುಗೀತೀನಿ ಮಾರಾಯ."

ಮೆಲ್ವಿನ್ ಒಲ್ಲದ ಮನಸ್ಸಿನಿಂದ ತಂತಿ ಮೀಟಿದ. ಸುದರ್ಶನ ಕಣ್ಣು ಮುಚ್ಚಿ, ಗಂಟಲು ಬಿರಿಯುವ ಹಾಗೆ ಹಾಡಿದ. ಪಲ್ಲವಿ ಮುಗಿಯುವ ಮೊದಲೇ ಎಲ್ಲೋ ಚಿಲಕ ತೆಗೆದ ಸದ್ದಾಯಿತು. ಆಮೇಲೆ ಇನ್ನೊಂದು. ಮಹಡಿಯ ಮೆಟ್ಟಿಲನ್ನು ಯಾರೋ ದಡದಡ ಇಳಿದರು. ಬೀದಿಯುದ್ದಕ್ಕೂ ಗೇಟುಗಳು ತೆರೆದವು.

"ಕೇಳಿಸ್ತಾ?" ಎಂದ ಸುದರ್ಶನ, ಕಣ್ಣು ಬಿಡದೆಯೇ. ಅವನ ಕೆನ್ನೆ ಒದ್ದೆಯಾಗಿತ್ತು.

ಮೆಲ್ವಿನ್ ನುಡಿಸುವುದನ್ನು ನಿಲ್ಲಿಸಿ ಗೇಟುಗಳ ಕಡೆ ನೋಡಿದ.

ಎಲ್ಲರಿಗಿಂತ ಮೊದಲು ಓಡಿಬಂದ ಮುದುಕಿ, ಹಸಿ ಕಸದ ಬಕೆಟ್ಟನ್ನು ಸುದರ್ಶನನ ಕಾಲ ಬಳಿ ಇಟ್ಟು ಕೇಳಿದಳು, "ಹಾಡು ಬಂತು, ಗಾಡಿ ಎಲ್ಲಪ್ಪಾ?"