ಅಂಜನಮ್ಮನ ಡಬ್ಬಿ

ಮನೆಗೆಲಸದ ಅಂಜನಮ್ಮನೇ ತಪ್ಪಿತಸ್ಥೆ ಎಂದು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ವೆಂಕಟಾಚಲ ತೀರ್ಪು ಕೊಟ್ಟಾಗಿತ್ತು. ಬಾಕಿ ಇದ್ದದ್ದು ಸಾಕ್ಷಿ. ಅದನ್ನು ಲ್ಯಾಬಿನಿಂದ ತರಿಸುತ್ತಿದ್ದರು.

ಜಯನಗರದ ಆ ಅಪಾರ್ಟ್‌ಮೆಂಟಿನಲ್ಲಿ ರಾಮನವಮಿಯ ಕೋಸಂಬರಿ ತಿಂದ ಇಪ್ಪತ್ತಾರು ಮಂದಿ ವಾಂತಿ, ಬೇದಿಯಿಂದ ಮಲಗಿದ್ದರು. ಇಬ್ಬರು ಇನ್ನೂ ಆಸ್ಪತ್ರೆಯಲ್ಲಿ. ಕಾರಣ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಎಂದರು ಡಾಕ್ಟರು. ಕಾರಣ ಪಾತ್ರೆ ತೊಳೆದವಳು ಎಂದರು ವೆಂಕಟಾಚಲ.

ಕೋಸಂಬರಿ ಕಲಸಿದವರು ಅವರೇ. ಮಂಡಿ ಆಪರೇಷನ್ ಆಗಿ ತಿಂಗಳಾಗಿತ್ತು, ನಾಲ್ಕು ಹೆಜ್ಜೆ ನಡೆಯಲೂ ಆಗುತ್ತಿರಲಿಲ್ಲ. ಆದರೂ ಮಡಿಯುಟ್ಟು, ಕುರ್ಚಿಯಲ್ಲಿ ಕೂತು, ನೆನೆಸಿದ ಹೆಸರುಬೇಳೆಗೆ ಸ್ವಂತ ಕೈ ಹಾಕಿದ್ದರು. ಆ ಕೈಯನ್ನು ಅನುಮಾನಿಸುವಷ್ಟು ಸಂಸ್ಕಾರಗೆಟ್ಟವರು ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಲ್ಯಾಬಿನ ವನಿತಾ ಹೊರಗಿನವರು. ಅವರಿಗೆ ಅಷ್ಟು ತಿಳಿವಳಿಕೆ ಎಲ್ಲಿಂದ ಬರಬೇಕು?

"ಸಾರ್, ಅಡುಗೆಮನೆಯಲ್ಲಿದ್ದಿದ್ದು ನೀವು, ಅಂಜನಮ್ಮ ಇಬ್ಬರೇ. ಇಬ್ಬರ ಮಲದ ಸ್ಯಾಂಪಲ್ಲೂ ಬೇಕು."

"ನಾನು ಮಡಿಯಲ್ಲಿದ್ದೆ ಮೇಡಂ."

"ಬ್ಯಾಕ್ಟೀರಿಯಾಗೆ ಅದು ಗೊತ್ತಾಗುತ್ತಾ ಸಾರ್?"

ಅಧ್ಯಕ್ಷರು ತಮ್ಮ ಪಾಲಿನ ಸ್ಯಾಂಪಲ್ ಡಬ್ಬಿಯನ್ನು ಹಿಂದಕ್ಕೆ ತಳ್ಳಿದರು. ಡಬ್ಬಿ ಒಂದೇ ಸಾಕಾಯಿತು. ಅದನ್ನು ತುಂಬಿಸಿ ಕೊಡುವವರೆಗೆ ಅಂಜನಮ್ಮನನ್ನು ಗೇಟು ದಾಟಿಸಬಾರದೆಂದು ವಾಚ್‌ಮನ್‌ಗೆ ಅಪ್ಪಣೆಯಾಯಿತು. ಜರಗನಹಳ್ಳಿಯ ಮನೆಗೆ ಹೋಗಿ ಇನ್ಯಾರದ್ದೋ ತಂದುಬಿಟ್ಟರೆ? ಈ ಜನವನ್ನು ನಂಬುವುದುಂಟೆ? ಲಿಫ್ಟಿನ ಪಕ್ಕದ ಬೋರ್ಡನ್ನು ಓದಿದರೂ ಸಾಕು, ಅಧ್ಯಕ್ಷರ ಮುಂದಾಲೋಚನೆ ತಿಳಿಯುತ್ತಿತ್ತು: ಕೆಲಸದವರು ಲಿಫ್ಟ್, ಸೋಫಾ, ಶೌಚಾಲಯ ಬಳಸಕೂಡದು.

ಹತ್ತೇ ನಿಮಿಷದಲ್ಲಿ ಡಬ್ಬಿ ವಾಪಸು ಬಂತು. ಎಷ್ಟು ಶಿಸ್ತು!

ಭಾನುವಾರ ಸಭೆ ಸೇರಿತು. ಅಂಜನಮ್ಮ ಬಾಗಿಲ ಬಳಿ ನಿಂತಳು. ಐದು ಮನೆ, ಹನ್ನೊಂದು ವರ್ಷದ ಕೆಲಸ. ಇವತ್ತು ಹೋದರೆ ಹೋಯಿತು.

"ಸಾಲ್ಮೊನೆಲ್ಲಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಗೆ ಇದೆ," ವನಿತಾ ವಿವರಿಸಿದರು. "ಯಾವ ಬಗೆ ಅಂತ ಪತ್ತೆ ಮಾಡಿದ್ರೆ ಎಲ್ಲಿಂದ ಬಂತು ಅನ್ನೋದೂ ಸಿಗುತ್ತೆ."

"ಅಂದ್ರೆ ಅವುಗಳಲ್ಲೂ ಜಾತಿ ಇದೆ ಅನ್ನಿ!" ವೆಂಕಟಾಚಲರಿಗೆ ವಿಜ್ಞಾನದ ಮೇಲೆ ಮೊದಲ ಬಾರಿಗೆ ಪ್ರೀತಿ ಉಕ್ಕಿತು.

"ರೋಗಿಗಳಲ್ಲಿ ಸಿಕ್ಕಿದ್ದು, ಮಿಕ್ಕ ಕೋಸಂಬರೀಲಿ ಸಿಕ್ಕಿದ್ದು, ಅಂಜನಮ್ಮನ ಡಬ್ಬೀಲಿ ಸಿಕ್ಕಿದ್ದು, ಮೂರೂ ಒಂದೇ ಬಗೆ."

ಸಭೆಗೆ ಸಮಾಧಾನವಾಯಿತು. ಸತ್ಯ ತಮ್ಮ ಅನುಕೂಲಕ್ಕೆ ತಕ್ಕಂತೆ ಬಂದರೆ ಯಾರಿಗೆ ತಾನೇ ಆಗುವುದಿಲ್ಲ?

"ಒಂದ್ನಿಮಿಷ," ಎಂದರು ವನಿತಾ. "ಕಾಯಿಲೆ ಲಕ್ಷಣವೇ ಇಲ್ಲದೆ ಇದನ್ನ ಹೊತ್ಕೊಂಡಿರೋರು ಇರ್ತಾರೆ. ಅದು ಅಪರಾಧ ಅಲ್ಲ. ಚಿಕಿತ್ಸೆ ತಗೊಂಡು, ಗುಣ ಆಗೋವರೆಗೆ ಅಡುಗೆ ಮುಟ್ಟದೇ ಇದ್ರೆ ಸಾಕು."

"ಅಡುಗೆ ಅಲ್ಲ ಮೇಡಂ, ಗೇಟೂ ಮುಟ್ಟಬಾರ್ದು!" ವೆಂಕಟಾಚಲ ಕುರ್ಚಿಯಲ್ಲೇ ಸೆಟೆದರು. "ಬರ್ಕೊಳ್ಳಿ ಠರಾವು. ಈ ರೋಗಾಣು ಹೊತ್ತವರು ಯಾರೇ ಆಗಲಿ, ಇವತ್ತೇ ಈ ಕಟ್ಟಡ ಬಿಡತಕ್ಕದ್ದು. ಪೊಲೀಸ್ ಕಂಪ್ಲೇಂಟೂ ಆಗ್ಬೇಕು. ದಯೆ ದಾಕ್ಷಿಣ್ಯ ಬೇಡ. ಒಪ್ಪಿಗೇನಾ?"

ಎಲ್ಲ ಕೈಗಳೂ ಮೇಲೆದ್ದವು. ಮೊದಲು ಎದ್ದದ್ದು ಕೋಸಂಬರಿ ಕಲಸಿದ ಕೈ.

ವನಿತಾ ಬಾಗಿಲ ಬಳಿಗೆ ಹೋಗಿ ಫಾರಂ ಚಾಚಿದರು. "ಸ್ಯಾಂಪಲ್ ನಿಮ್ಮದೇ ಅಂತ ಇಲ್ಲೊಂದು ಸೈನ್ ಹಾಕಿ, ಅಕ್ಕ."

ಅಂಜನಮ್ಮ ಪೆನ್ನು ಮುಟ್ಟಲಿಲ್ಲ.

"ನಂದೆಲ್ಲಿ ಬರ್ಬೇಕು ಮೇಡಂ? ಇಲ್ಲಿ ಕಕ್ಕಸಿಗೆ ಹೋಗಂಗಿಲ್ಲ, ಮನೆಗೆ ಹೋಗಕ್ಕೆ ಗೇಟೂ ತೆಗೀಲಿಲ್ಲ; ಅದಕ್ಕೇ ದಿನಾ ಬೆಳಗ್ಗೆ ನಾನೇ ಎತ್ತಿ ತೊಳೀತೀನಲ್ಲ, ಈ ಅಧ್ಯಕ್ಷರ ಕಮೋಡ್ ಕುರ್ಚಿ, ಅದ್ರಿಂದ ತುಂಬಿಸ್ಕೊಟ್ಟೆ."