ಮುಟ್ಟಬಹುದು

ಡಾಕ್ಟರು ಬರಿಗೈಯಲ್ಲೇ ಕಮಲಾವತಿಯ ಭುಜ ಮುಟ್ಟಿದ್ದನ್ನು ಕಂಡು ಅವಳ ಅಪ್ಪ ಪದ್ಮಯ್ಯ ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ.

ಮಂಡೆಕೋಲಿನಿಂದ ಪುತ್ತೂರಿನ ತನಕ ಹುಡುಗಿ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಬಾಳೆಲೆಯ ಮೇಲೆ ಮಲಗಿ ಬಂದಿದ್ದಳು. ಬಟ್ಟೆ ಹಾಸಿದರೆ ಒಡೆದ ಗುಳ್ಳೆಗಳಿಗೆ ಅಂಟಿಕೊಂಡು, ಏಳುವಾಗ ಚರ್ಮವೇ ಕಿತ್ತು ಬರುತ್ತಿತ್ತು. ಹನ್ನೊಂದು ವರ್ಷದ ಮಗು. ಬಾಯೊಳಗೂ ಹುಣ್ಣಾಗಿ ಗಂಜಿಯ ತಿಳಿಯೂ ಇಳಿಯದಾದ ಮೇಲೆಯೇ ಪದ್ಮಯ್ಯ ಕಾರು ಗೊತ್ತು ಮಾಡಿದ್ದು.

ಡಾಕ್ಟರು ಒಂದು ಗುಳ್ಳೆಯ ಪಕ್ಕದ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಸರಿಸಿದರು. ನೆನೆದ ಕಾಗದದಂತೆ ಅದು ಜಾರಿತು. ಹುಡುಗಿ ಕಣ್ಣು ಮುಚ್ಚಿದಳು, ಅಳಲಿಲ್ಲ.

“ಮನೆಯಲ್ಲಿ ಎಲ್ಲಿ ಮಲಗಿಸುದು ಇವಳನ್ನು?”

“ಕೊಟ್ಟಿಗೆಯ ಬದಿಯಲ್ಲಿ ಒಂದು ಕೋಣೆ ಉಂಟು,” ಎಂದ ಪದ್ಮಯ್ಯ. “ಬೇಸಿಗೆಯಲ್ಲಿ ಗುಳ್ಳೆ ಎದ್ದಾಗ ಊರಲ್ಲಿ ಸಿಡುಬು ಅಂತ ಹೇಳಿದ್ರು. ಆಮೇಲೆ ಕುಷ್ಠ ಅಂದ್ರು. ಬೇರೆ ಮಕ್ಕಳೂ ಇದ್ದಾರಲ್ಲ.”

“ಇವಳ ಅಮ್ಮ?”

“ಊಟ ಹೊಸ್ತಿಲಲ್ಲಿ ಇಟ್ಟು ಬರ್ತಾಳೆ. ಒಳಗೆ ಹೋಗ್ಲಿಕ್ಕೆ ನಾನೇ ಬಿಡ್ಲಿಲ್ಲ.”

ಡಾಕ್ಟರು ಕೈ ತೊಳೆದು ಬಂದು ಕುಳಿತರು. “ಇದು ಅಂಟುವ ರೋಗ ಅಲ್ಲ ಮಾರಾಯ್ರೆ. ಸಿಡುಬೂ ಅಲ್ಲ, ಕುಷ್ಠವೂ ಅಲ್ಲ. ಅವಳ ರಕ್ತವೇ ಅವಳ ಚರ್ಮದ ಮೇಲೆ ತಿರುಗಿ ಬಿದ್ದದ್ದು. ಯಾಕೆ ಅಂತ ನಮಗೂ ಗೊತ್ತಿಲ್ಲ.”

“ಗುಣ ಆಗ್ತದಾ?”

“ಹೊಸ ಮಾತ್ರೆ ಉಂಟು. ಮಂಗಳೂರಿಂದ ತರಿಸುವ. ಮಳೆಗಾಲಕ್ಕೆ ಮೊದಲೇ ಕರ್ಕೊಂಡು ಬಂದಿದ್ರೆ ಧೈರ್ಯದಲ್ಲಿ ಹೇಳ್ತಿದ್ದೆ.”

ಪದ್ಮಯ್ಯ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದ. “ಹಾಗಾದ್ರೆ ಮುಟ್ಟಬಹುದಾ?”

“ಯಾವತ್ತೂ ಮುಟ್ಟಬಹುದಿತ್ತು,” ಎಂದು ಹೇಳಿ ಡಾಕ್ಟರು ಔಷಧಿಯ ಕೋಣೆಗೆ ಹೋದರು.

ಪದ್ಮಯ್ಯ ಮಗಳ ಹತ್ತಿರ ಬಂದು ಕೈ ಚಾಚಿದ. ಹಣೆಯಲ್ಲಿ ಕೀವು ಒಣಗಿತ್ತು. ಕೆನ್ನೆ ಕೆಂಪಗೆ ಸುಲಿದಿತ್ತು. ಭುಜ, ತೋಳು, ಅಂಗೈ, ಒಂದೊಂದರ ಮೇಲೂ ಅವನ ಕೈ ಬಂದು, ಇಳಿಯಲಾರದೆ ಗಾಳಿಯಲ್ಲೇ ನಿಂತು, ಮುಂದೆ ಹೋಯಿತು.

ಕಮಲಾವತಿ ಆ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಹೆಬ್ಬೆರಳನ್ನು ತುಸು ಎತ್ತಿದಳು.

“ಉಗುರಲ್ಲಿ ನೋವಿಲ್ಲ ಅಪ್ಪ,” ಎಂದಳು.